ಮುಖಪುಟದ ಕೊಲೆಗಾತಿ

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ನ್ಯೂಯಾರ್ಕಿನ ನಮ್ಮ ಪತ್ತೇದಾರಿ ಮಾಸಿಕದಲ್ಲಿ ಮುಖಪುಟ ಮೊದಲು, ಕಥೆ ಆಮೇಲೆ. ಚಿತ್ರ ಅಚ್ಚಾಗಿ ಬಂದ ಮೇಲೆ ಲೇಖಕ ಟಟಲ್ ಅದಕ್ಕೆ ಹೊಂದುವ ಕಥೆ ಬರೆಯುತ್ತಿದ್ದರು. ಕರಡು ತಿದ್ದುವುದು ನನ್ನ ಕೆಲಸ.

ಮನೆ ಬಿಡುವಾಗ ಬೀಗವನ್ನು ಎಳೆದೆಳೆದು ನೋಡುವವಳು ನಾನು. ಅದಕ್ಕೇ ಇರಬೇಕು, ಟೋಪಿ ಓರೆ ಮಾಡಿಕೊಂಡು ಕತ್ತಲ ಓಣಿಗೆ ಒಬ್ಬನೇ ನುಗ್ಗುವ, ಟಟಲ್ ಕಥೆಗಳ ಪತ್ತೇದಾರ ಮೆರಿಕ್ ನನಗೆ ಬಲು ಇಷ್ಟ. ಅವನ ಒಂದು ಒರಟು ಮಾತಿಗೆ ಇಡೀ ಊರಿನ ಕೊಳಕು ಕಣ್ಣಿಗೆ ಕಟ್ಟುತ್ತಿತ್ತು. ಆದರೆ ಪ್ರತಿ ಕಥೆಯಲ್ಲೂ ಅವನ ತಲೆಗೆ ಏಟು. ಎದ್ದು ವಿಸ್ಕಿ ಕುಡಿದರೆ ಗುಣ. ಚೆಲುವೆ ಯಾರೇ ಬರಲಿ, ಕೊನೆಗೆ ಅವಳೇ ಕೊಲೆಗಾತಿ.

ಆ ತಿಂಗಳ ಮುಖಪುಟದಲ್ಲಿ ಕೆಂಪು ಗೌನಿನವಳು ಪಿಸ್ತೂಲು ಹಿಡಿದಿದ್ದಳು. ಕಾಲ ಬಳಿ ಒಬ್ಬ ಗಂಡಸು ಬೋರಲು ಬಿದ್ದಿದ್ದ. ಕಥೆಯಲ್ಲೂ ಕೊಂದವಳು ಅವಳೇ. ಸುಮ್ಮನಿರೋಣವೆಂದುಕೊಂಡೆ; ಬಾಯಿ ಕೇಳಲಿಲ್ಲ.

“ಅಂಗಡೀಲಿ ಮುಖಪುಟ ನೋಡಿದವರಿಗೇ ಕೊಂದದ್ದು ಯಾರು ಅಂತ ಗೊತ್ತಾಗಿಬಿಡುತ್ತಲ್ಲ, ಮಿಸ್ಟರ್ ಟಟಲ್?”

“ಚೆಂದ ಇದಾಳೆ, ಕೈಲಿ ಪಿಸ್ತೂಲಿದೆ. ಇನ್ನೇನು ಬೇಕು ತಾಯಿ ನಿಮಗೆ?”

ಸಂಪಾದಕ ಬ್ರೆನ್ನನ್ ಬಾಯಿಂದ ಸಿಗಾರ್ ತೆಗೆದರು. “ಹಾಗಾದ್ರೆ ಕೊನೆ ನೀವೇ ಬರೀರಿ, ಮಿಸ್ ವಿಲ್ಕಾಕ್ಸ್. ಸಂಜೆ ಅಚ್ಚಿಗೆ ಹೋಗಬೇಕು. ಚೆನ್ನಾಗಿದ್ರೆ ಮುಂದಿನ ಕಥೆ ನಿಮ್ಮದೇ. ಇಲ್ಲಾಂದ್ರೆ ಇನ್ಮೇಲೆ ಅಲ್ಪವಿರಾಮ ಬಿಟ್ಟು ಬೇರೆ ಮಾತೆತ್ತಬಾರದು.”

ಕಾಲೇಜಿನ ದಿನಗಳಿಂದ ಕಥೆ ಬರೆದು ಪೆಟ್ಟಿಗೆಯಲ್ಲಿ ಬಚ್ಚಿಡುತ್ತಾ ಬಂದವಳು ನಾನು. ಚಿತ್ರ ಬದಲಿಸುವಂತಿರಲಿಲ್ಲ. ಅದನ್ನೇ ನೋಡುತ್ತಾ ಕೂತೆ. ಅವಳ ಕಣ್ಣು ಬಿದ್ದವನ ಮೇಲಿರಲಿಲ್ಲ, ಪಿಸ್ತೂಲಿನ ಮೂತಿಯೂ ಅವನ ಕಡೆಗಿರಲಿಲ್ಲ. ಎರಡೂ ಬಾಗಿಲಿನತ್ತ ಇದ್ದವು. ಬಿದ್ದವನ ಮುಖ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಟೋಪಿ ಉರುಳಿತ್ತು.

ಸಂಜೆ ನಾನು ಬರೆದ ಕೊನೆಯನ್ನು ಓದಿ ಟಟಲ್ ಕೂಗಾಡಿದರು. “ನೆಲದ ಮೇಲೆ ಬಿದ್ದಿರೋನು ನನ್ನ ಮೆರಿಕ್? ಇವಳು ಅವನನ್ನ ಕಾಯ್ತಿದಾಳಾ?”

“ಹೇಗೂ ಪ್ರತಿ ಸಲ ಏಟು ತಿಂದು ಬೀಳ್ತಾನಲ್ಲ. ಈ ಸಲ ಬಿದ್ದಾಗ ಕೊಲೆಗಾರ ಬಾಗಿಲಿಗೆ ಬಂದ. ಅವನ ಪಿಸ್ತೂಲು ಯಾರಾದ್ರೂ ಎತ್ಕೋಬೇಕಲ್ಲ?”

ಬ್ರೆನ್ನನ್ ಮೇಜು ಗುದ್ದಿ ನಕ್ಕರು. “ಕಳಿಸಿ ಅಚ್ಚಿಗೆ!”

“ಎದ್ದ ಮೇಲೆ ವಿಸ್ಕಿನಾದ್ರೂ ಕುಡೀತಾನೋ ಇಲ್ವೋ?” ಟಟಲ್ ಗೊಣಗಿದರು.

“ಕುಡೀಲಿ. ಮೊದಲು ಡಾಕ್ಟರು.”

ಮರುವಾರ ಬ್ರೆನ್ನನ್ ಹೊಸ ಮುಖಪುಟವನ್ನು ನನ್ನ ಮೇಜಿನ ಮೇಲಿಟ್ಟರು: ಕುರ್ಚಿಗೆ ಕಟ್ಟಿಹಾಕಿದ ನೀಲಿ ಗೌನಿನವಳು.

“ಪಾಪ, ಇವಳನ್ನ ಬಿಡಿಸೋರು ಯಾರೋ!” ಹಿಂದಿನಿಂದ ಇಣುಕಿ ಟಟಲ್ ಕೆಣಕಿದರು.

ನಾನು ಆಗಲೇ ಹಗ್ಗದ ಗಂಟನ್ನು ನೋಡುತ್ತಿದ್ದೆ. ಅದರ ತುದಿ ಅವಳ ಬೆರಳುಗಳ ನಡುವೆಯೇ ಇತ್ತು.