ಜೋಡಿ ಸುಳಿ

ಚೆನ್ನಬಸಮ್ಮನಿಗೆ ಚಕ್ಕಲಿ ಒತ್ತಿ ಒತ್ತಿ ಸಾಕುಬೇಕಾಗಿ ಹೋಗಿತ್ತು. ಮಗಳನ್ನು ನೋಡಲು ಗಂಡಿನವರು ಬರುತ್ತಾರೆಂದರೆ ಚಕ್ಕಲಿ ಆಗಲೇಬೇಕು. ಬಂದವರು ಕುರುಕುರು ತಿಂದು, ನೀರು ಕುಡಿದು, ಹುಡುಗಿ ಲಕ್ಷಣವಾಗಿದ್ದಾಳೆ ಎಂದು ಒಪ್ಪಿಕೊಂಡೇ ಹೋಗುತ್ತಿದ್ದರು. ಒಪ್ಪದವನು ಮನೆಯ ಯಜಮಾನ. ಹುಡುಗನ ತಲೆಯ ಮೇಲೆ ಕೂದಲು ಎಲ್ಲೋ ಸುತ್ತಬಾರದ ಕಡೆ ಸುತ್ತಿರುತ್ತಿತ್ತು, ಅಷ್ಟಕ್ಕೇ ಸಂಬಂಧ ಮುರಿಯುತ್ತಿತ್ತು. ಉಳಿದ ಚಕ್ಕಲಿ ಮೆತ್ತಗಾದ ಮೇಲೆ ಆಕಳ ಪಾಲಾಗುತ್ತಿತ್ತು.

ಯಜಮಾನ ದೊಡ್ಡಬಸಪ್ಪ ಹೊಸಪೇಟೆಯ ದನದ ಸಂತೆಯಲ್ಲಿ ಸುಳಿ ನೋಡುವುದರಲ್ಲಿ ಎತ್ತಿದ ಕೈ. ಸಂಡೂರು, ಕಂಪ್ಲಿ ಕಡೆಯಿಂದ ಎತ್ತು ಕೊಳ್ಳಲು ಬಂದವರು ಮೊದಲು ಅವನನ್ನು ಹುಡುಕುತ್ತಿದ್ದರು. ಅವನು ಎತ್ತಿನ ಮೈಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ರೋಮ ಸುತ್ತಿಕೊಂಡ ಜಾಗವನ್ನು ಬೆರಳಿನಲ್ಲೇ ಹಿಡಿಯುತ್ತಿದ್ದ. ಇದು ನಾಗರ ಸುಳಿ, ಮನೆಗೆ ಕೇಡು. ಇದು ಬಾಸಿಂಗ ಸುಳಿ, ಕಟ್ಟಿಕೊಂಡವನು ಪುಣ್ಯವಂತ. ತಹಸೀಲ್ದಾರರ ಕುದುರೆಯ ಕೊರಳಲ್ಲಿ ಕೆಟ್ಟ ಸುಳಿ ಕಂಡಿದ್ದವನು, ಅವರಿಗೆ ಮದ್ರಾಸಿಗೆ ವರ್ಗವಾದಾಗ ನಾನು ಹೇಳಿರಲಿಲ್ಲವೇ ಎಂದು ಊರೆಲ್ಲ ತಿರುಗಾಡಿದ್ದ. ಊರವರ ಕೊಟ್ಟಿಗೆಗಳು ಅವನ ಮಾತಿನಿಂದ ತುಂಬಿದ್ದವು. ಅವನ ಕೊಟ್ಟಿಗೆಯಲ್ಲಿ ಮಾತ್ರ ಒಂಟಿ ಎತ್ತು. ಜೊತೆಯದು ಸತ್ತು ವರ್ಷಗಳಾಗಿದ್ದರೂ ಇವನಿಗೆ ಒಪ್ಪಿಗೆಯಾಗುವ ಸುಳಿಯ ಎತ್ತು ಈ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಕಬ್ಬಿನ ಹೊಲ ಉಳಬೇಕಾದಾಗಲೆಲ್ಲ ಪಕ್ಕದ ಮನೆಗೆ ಹೋಗಿ ಎತ್ತು ಬೇಡುವ ಕೆಲಸ ಚೆನ್ನಬಸಮ್ಮನದು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ಇಂಥವನನ್ನು ನೋಡಿಯೇ ಹೇಳಿರಬೇಕು.

ದನಕ್ಕಷ್ಟೇ ಆಗಿದ್ದರೆ ಆಕೆ ಹೇಗೋ ಸಹಿಸುತ್ತಿದ್ದಳು. ಹಿತ್ತಲಿನ ಹಾಗಲ ಬಳ್ಳಿಯ ಕುಡಿ ಎಡಕ್ಕೆ ಸುತ್ತಿದರೆ ಅವನಿಗೆ ಊಟ ಸೇರದು. ತೋಟದಲ್ಲಿ ಬಾಳೆಯ ಎಳೆಯ ಎಲೆ ಸುರುಳಿ ಬಿಚ್ಚುವುದು ತಡವಾದರೆ ಅಂದು ಕೊಡುವ ಕೊಳ್ಳುವ ಮಾತಿಲ್ಲ. ಟಗರಿನ ಕೊಂಬು, ಕಾಲುವೆ ದಂಡೆಯ ಬಸವನಹುಳು, ಸಂಡೂರಿನ ಕಡೆಯಿಂದ ಕೆಂಪು ಧೂಳು ಹೊತ್ತು ತಿರುಗಿ ಬರುವ ಸುಂಟರಗಾಳಿ, ಎಲ್ಲಕ್ಕೂ ಒಂದೊಂದು ಫಲ ಹೇಳುವವನು. ಒಂದು ದಿನ ಆಕೆ ಮಜ್ಜಿಗೆ ಕಡೆಯುವಾಗ ಗಡಿಗೆಯೊಳಗೆ ಇಣುಕಿ, ಬೆಣ್ಣೆ ತಿರುಗುವ ದಿಕ್ಕು ಸರಿಯಿಲ್ಲ ಎಂದ. ಆಕೆಗೆ ರೇಗಿಹೋಯಿತು. ದೇವರಿಗೆ ನೆಟ್ಟಗೆ ಗೆರೆ ಎಳೆಯಲು ಬರುವುದಿಲ್ಲ, ಅವನು ಮಾಡಿದ್ದೆಲ್ಲ ಸುತ್ತಿಕೊಂಡೇ ಇರುತ್ತದೆ. ಈ ಊರಲ್ಲಿ ನೆಟ್ಟಗಿರುವುದು ರೈಲಿನ ಹಳಿ ಒಂದೇ, ಅದೂ ಗುಡ್ಡ ಕಂಡರೆ ಬಾಗುತ್ತದೆ ಎಂದು ಕಡಗೋಲು ಬಿಸುಟು ಎದ್ದಳು. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದಷ್ಟೇ ಪ್ರಯೋಜನವಾಯಿತು.

ಅವನ ತಲೆಯೂ ಸಾಮಾನ್ಯದ್ದಲ್ಲ. ಅವನ ತಾಯಿ ಯಾವುದೋ ಹರಕೆಯ ಹೆಸರು ಹೇಳಿ, ನೆತ್ತಿಗೆ ಕತ್ತಿ ಸೋಕಗೊಡದೆ ಬೆಳೆಸಿದ ಗುಂಗುರು ಕೂದಲು, ರುಮಾಲಿನಡಿ ಗಂಟು ಕಟ್ಟಿದರೂ ಹೊರಗೆ ಚೆಲ್ಲುತ್ತಿತ್ತು. ನಿನ್ನದು ರಾಜ ಸುಳಿ ಕಣೋ ಎಂದು ಆ ತಾಯಿ ಹೇಳಿದ್ದನ್ನು ಅವನು ಸಂತೆಯಲ್ಲಿ ಹತ್ತು ಜನಕ್ಕೆ ಹೇಳಿಕೊಳ್ಳುವವನು. ಆ ಕೂದಲಿಗೆ ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಎರೆಯುವವಳು ಚೆನ್ನಬಸಮ್ಮ. ಎಣ್ಣೆ ಹಚ್ಚುವಾಗ ಮಾತ್ರ ಆಕೆ ತುಟಿ ಬಿಚ್ಚುತ್ತಿರಲಿಲ್ಲ.

ಹುಡುಗರ ತಲೆ ನೋಡಲು ಅವನು ಒಂದು ಉಪಾಯ ಮಾಡಿಕೊಂಡಿದ್ದ. ಹುಡುಗ ರುಮಾಲು ತೆಗೆದು ಕಾಲಿಗೆ ಬಿದ್ದಾಗ ಆಶೀರ್ವಾದಕ್ಕೆಂದು ತಲೆಯ ಮೇಲೆ ಕೈ ಇಡುತ್ತಿದ್ದ. ಕೈ ಬೇಗ ಮೇಲೇಳುತ್ತಿರಲಿಲ್ಲ. ಮಾವನಿಗೆ ಎಷ್ಟು ಪ್ರೀತಿ ಎಂದುಕೊಂಡು ಹುಡುಗ ಬಗ್ಗಿಯೇ ಇರುತ್ತಿದ್ದ. ಬೆರಳುಗಳು ಕೂದಲಿನೊಳಗೆ ಹೇನು ನೋಡುವಂತೆ ಓಡಾಡುತ್ತಿದ್ದವು. ಸಂಡೂರಿನಲ್ಲಿ ಮ್ಯಾಂಗನೀಸು ಅದಿರಿನ ತೂಕ ಬರೆಯುತ್ತಿದ್ದ ಹುಡುಗನಿಗೆ ಹಣೆಯ ಮೇಲೆ ಸುಳಿ, ಮಾವನಿಗೆ ಆಗಿಬರದು. ವಡ್ಡು ಊರಿನ ಹುಡುಗನಿಗೆ ಹೆಡತಲೆಯಲ್ಲಿ ಸುಳಿ, ಹೊಲ ಮಾರಿಸುತ್ತದೆ. ಹೀಗೆ ಮಗಳು ಜಂಬಮ್ಮನಿಗೆ ಹದಿನೆಂಟು ದಾಟಿತು. ಅವಳ ಓರಗೆಯವರು ಕಂಕುಳಲ್ಲಿ ಕೂಸು ಎತ್ತಿಕೊಂಡು ತವರಿಗೆ ಬರುತ್ತಿದ್ದರು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬ ಗಾದೆಯಲ್ಲಿ ಹುಚ್ಚು ಮದುವಣಿಗನದು. ಇಲ್ಲಿ ಅದೂ ಮಾವನದೇ.

ಆಗ ಕಂಪ್ಲಿಯಿಂದ ತೋಟಪ್ಪನ ಸಂಬಂಧ ಬಂತು. ಬಾಳೆಕಾಯಿ ವ್ಯಾಪಾರದ ಮನೆ, ತಂದೆ ವಿರುಪಾಕ್ಷಪ್ಪ ನಾಲ್ಕು ಜನ ಕೇಳುವ ಮನುಷ್ಯ. ಜಂಬಮ್ಮ ಆ ಹುಡುಗನನ್ನು ಮೊದಲೇ ನೋಡಿದ್ದಳು. ಹಂಪಿಯ ಹತ್ತಿರ ಹೊಳೆ ದಾಟುವಾಗ ಹರಿಗೋಲು ಮಡುವಿನ ಸುಳಿಗೆ ಸಿಕ್ಕಿ ಗರಗರ ತಿರುಗಿತ್ತು. ಎಲ್ಲರೂ ವಿರೂಪಾಕ್ಷ ದೇವರನ್ನು ಕೂಗುತ್ತಿದ್ದರೆ, ಎದುರು ಕೂತಿದ್ದ ಇವನು ಸುಲಿದ ಕಬ್ಬನ್ನು ನಿಧಾನವಾಗಿ ಜಗಿಯುತ್ತಿದ್ದನಂತೆ. ಅವಳಿಗೆ ಭಯದ ನಡುವೆಯೂ ನಗು ಬಂದುಬಿಟ್ಟಿತಂತೆ. ಅವಳ ನಗು ನೋಡಿ ಹೋದವನೇ ಮನೆಯವರನ್ನು ಕಳಿಸಿದ್ದ. ಯಾವತ್ತೂ ಬಾಯಿಬಿಟ್ಟು ಏನನ್ನೂ ಕೇಳದ ಹುಡುಗಿ ಚಕ್ಕಲಿ ಹಿಟ್ಟು ನಾದುತ್ತ ತಲೆ ಎತ್ತದೆ ಹೇಳಿದಳು:

"ಅವ್ವಾ, ಇದೊಂದನ್ನ ಅಪ್ಪ ಕೆಡಸದಂಗ ನೋಡ್ಕ್ಯ."

ಅಂದು ಚೆನ್ನಬಸಮ್ಮ ಹಿಟ್ಟಿಗೆ ಒಂದು ಹಿಡಿ ಎಳ್ಳು ಹೆಚ್ಚಿಗೆ ಹಾಕಿದಳು.

ಗಂಡಿನವರು ಬಂದರು, ಕೂತರು, ಚಕ್ಕಲಿ ಹೊಗಳಿದರು. ತೋಟಪ್ಪ ರುಮಾಲು ತೆಗೆದು ದೊಡ್ಡಬಸಪ್ಪನ ಕಾಲಿಗೆ ಬಗ್ಗಿದ. ಕೈ ತಲೆಯ ಮೇಲೆ ಇಳಿಯಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತ ಚೆನ್ನಬಸಮ್ಮ ಆ ಬೆರಳುಗಳನ್ನೇ ನೋಡುತ್ತಿದ್ದಳು. ಅವು ಒಂದು ಕಡೆ ಸುತ್ತಿದವು, ಸರಿದವು, ಇನ್ನೊಂದು ಕಡೆ ಸುತ್ತಿದವು. ಗಂಡನ ಮುಖ ಸಣ್ಣದಾಗುವುದನ್ನು ಕಂಡಾಗಲೇ ಆಕೆಗೆ ವಿಷಯ ಗೊತ್ತಾಯಿತು.

ಅವನು ಕೆಟ್ಟವನಲ್ಲ. ಬೀಗರಾಗಬೇಕಾದವರಿಗೆ ಕೈ ಮುಗಿದೇ ಹೇಳಿದ:

"ಹುಡುಗ ಬಂಗಾರದಂಥವ. ಆದ್ರ ನೆತ್ತಿ ಮ್ಯಾಲೆ ಜೋಡಿ ಸುಳಿ ಐತ್ರಿ. ಇವಂಗ ಎಲ್ಡು ಮದಿವಿ ಬರದೈತಿ. ನನ್ನ ಮಗಳನ್ನ ಸವತಿ ಜತಿ ಬಾಳ್ವಿಗೆ ಹೆಂಗ ಕೊಡ್ಲಿ?"

ವಿರುಪಾಕ್ಷಪ್ಪ ಕೋಲು ಹುಡುಕಿಕೊಂಡು ಎದ್ದ. ಒಳಗೆ ಜಂಬಮ್ಮ ಹಿಟ್ಟಿನ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟಳು. ಆ ಸಣ್ಣ ಸದ್ದಿಗೆ ಚೆನ್ನಬಸಮ್ಮನ ಇಷ್ಟು ವರ್ಷದ ತಾಳ್ಮೆಯೆಲ್ಲ ಒಮ್ಮೆಲೇ ಕಿತ್ತುಹೋಯಿತು. ಹಿಟ್ಟು ಮೆತ್ತಿದ ಕೈಯಲ್ಲೇ ಪಡಸಾಲೆಗೆ ಬಂದು, ಪರಗಂಡಸರ ಎದುರಿಗೆ, ಗಂಡನ ತಲೆಯ ರುಮಾಲು ಎತ್ತಿ ಪಕ್ಕಕ್ಕಿಟ್ಟಳು. ಅಂಥದನ್ನು ಆ ಬೀದಿಯಲ್ಲಿ ಯಾವ ಹೆಂಡತಿಯೂ ಮಾಡಿರಲಿಲ್ಲ. ಅವನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಆಕೆ ಗಂಟು ಬಿಚ್ಚಿ, ಅವನ ಬಲಗೈ ಹಿಡಿದು ಅವನದೇ ನೆತ್ತಿಯ ಮೇಲೆ ಇಟ್ಟಳು.

"ನೋಡ್ರಿ," ಅಂದಳು. "ಊರ ಮಂದಿ ತಲಿ ಎಲ್ಲಾ ನೋಡೀರಿ. ಇದೊಂದು ಉಳದೈತಿ."

ಅವನು ಕೈ ಕಿತ್ತುಕೊಳ್ಳಲು ನೋಡಿದ. ಆದರೆ ಬೆರಳುಗಳಿಗೆ ಅವುಗಳ ಅಭ್ಯಾಸ. ಗುಂಗುರಿನ ಬುಡ ಸಿಕ್ಕಿದ್ದೇ ತಡ, ತಾವಾಗಿಯೇ ಹುಡುಕತೊಡಗಿದವು. ಒಂದು ಸುಳಿ ಸಿಕ್ಕಿತು. ಅಲ್ಲಿಂದ ಎರಡು ಬೆರಳು ಆಚೆ ಇನ್ನೊಂದು. ಮತ್ತೆ ಮೊದಲನೆಯದಕ್ಕೆ ಬಂದ, ಮತ್ತೆ ಎರಡನೆಯದಕ್ಕೆ ಹೋದ. ಎತ್ತಾಗಿದ್ದರೆ ಬೇರೆಯವರನ್ನಾದರೂ ಕರೆದು ಕೇಳುತ್ತಿದ್ದ. ತನ್ನ ಬೆರಳು ಸುಳ್ಳು ಹೇಳುತ್ತದೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ವಿರುಪಾಕ್ಷಪ್ಪ ಕೋಲು ಗೋಡೆಗೆ ಒರಗಿಸಿ, ಸದ್ದಿಲ್ಲದೆ ಮತ್ತೆ ಕೂತುಕೊಂಡ.

ಕೊನೆಗೆ ದೊಡ್ಡಬಸಪ್ಪ ಕೈ ಕೆಳಗಿಳಿಸಿ ತೋಟಪ್ಪನನ್ನು ಹತ್ತಿರ ಕರೆದ. ಹುಡುಗ ಮತ್ತೆ ಬಗ್ಗಿದ. ಈ ಸಲ ಕೈ ತಲೆಯ ಮೇಲೆ ಸುಮ್ಮನೆ ಕೂತಿತ್ತು, ಬೆರಳು ಅಲುಗಲಿಲ್ಲ.

ಸೋಮವಾರ ಎಣ್ಣೆ ಹಚ್ಚಿಸಿಕೊಳ್ಳಲು ಅವನು ಎಂದಿನಂತೆ ಮಣೆಯ ಮೇಲೆ ಕೂತ. ಗಂಡಿನವರು ಬಂದುಹೋಗಿ ನಾಲ್ಕು ದಿನವಾಗಿತ್ತು. ಎಣ್ಣೆ ನೆತ್ತಿಗೆ ಬಿದ್ದ ಮೇಲೆ ಕೇಳಿದ:

"ಯಾವಾಗಿಂದ ಗೊತ್ತು ನಿನಗ?"

"ಮದಿವಿ ಆದ ವಾರದಿಂದ. ಯಾರಿಗೂ ಹೇಳಬ್ಯಾಡಂತ ನಿಮ್ಮವ್ವ ಕೈ ಹಿಡದು ಆಣಿ ಹಾಕಿಸ್ಕ್ಯಂಡಿದ್ರು."

"ನೀ ಇಂಥವನ್ನೆಲ್ಲಾ ನಂಬಂಗಿಲ್ಲಲ್ಲ."

ಚೆನ್ನಬಸಮ್ಮ ಇನ್ನಷ್ಟು ಎಣ್ಣೆ ಸುರಿದು ತಿಕ್ಕಿದಳು. ಆಕೆಗೆ ಸಿಟ್ಟು ಬಂತು, ಗಂಡನ ಮೇಲೆ, ಸತ್ತ ಅತ್ತೆಯ ಮೇಲೆ, ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೆ. ಅಂಗೈಯಗಲದ ಕೂದಲು ತನ್ನ ಇಡೀ ಹರೆಯದ ನೆಮ್ಮದಿ ತಿಂದಿತ್ತು.

"ನಂಬಂಗಿಲ್ಲ," ಅಂದಳು. "ಆದ್ರ ನೀವು ಸಂತಿಯಿಂದ ಬರದು ತಡ ಆತಂದ್ರ ಬಾಗ್ಲಾಗ ಬಂದು ನಿಂದ್ರತಿದ್ದೆ. ಒಬ್ರ ಬರ್ತೀರೋ, ಇಬ್ರ ಬರ್ತೀರೋ ಅಂತ."

ಅವನ ಹೆಗಲು ಆಕೆಯ ಕೈಯಡಿ ಕುಸಿಯಿತು.

"ಒಬ್ಬನ ಬಂದೀನಲ್ಲ, ಯಾವಾಗ್ಲೂ."

"ಹೂಂ. ಒಂದು ಎತ್ತನ್ನ ಸೈತ ಹೊಡಕಂಡು ಬರ್ಲಿಲ್ಲ ನೀವು."

ಮುಂದಿನ ಸಂತೆಯ ದಿನವೂ ಅವನು ಬರುವುದು ತಡವಾಯಿತು. ಮಗಳ ಮದುವೆ ಗೊತ್ತಾದ ಮೇಲೂ ಈ ಚಟ ಬಿಡಲಿಲ್ಲವಲ್ಲ ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತ ಚೆನ್ನಬಸಮ್ಮ ಬಾಗಿಲಿಗೆ ಬಂದು ನಿಂತಳು. ಬೀದಿಯ ತುದಿಯಲ್ಲಿ ಗಂಡ ಕಂಡ. ಹಗ್ಗದ ತುದಿಯಲ್ಲಿ ಒಂದು ಬಿಳಿ ಎತ್ತು, ಹೊಸ ಜಾಗಕ್ಕೆ ಹೆದರಿ ಹೆದರಿ ಹೆಜ್ಜೆ ಇಡುತ್ತಿತ್ತು.

"ಸುಳಿ ಹೆಂಗದಾವು?" ಎಂದು ಕೇಳಿದಳು.

"ನೋಡಿಲ್ಲ," ಎಂದು ಅವನು ಕಾಲು ತೊಳೆಯಲು ಹೋದ.

ಹಸಿ ಸುಳ್ಳು. ಆಕೆ ಒಳಗಿನಿಂದ ಕುಂಕುಮ ತಂದು ಎತ್ತಿನ ಹಣೆ ಸವರಿದಳು. ರೋಮ ಒಂದು ಕಡೆ ಬಲಕ್ಕೆ ಸುತ್ತಿತ್ತು, ಅದರ ಪಕ್ಕದಲ್ಲೇ ಇನ್ನೊಂದು ಎಡಕ್ಕೆ. ಎರಡರ ಮೇಲೂ ದಟ್ಟವಾಗಿ ಕುಂಕುಮ ಮೆತ್ತಿ, ಎತ್ತನ್ನು ಕೊಟ್ಟಿಗೆಗೆ ಹೊಡೆದಳು. ಒಂಟಿ ಎತ್ತು ಗೋದಲಿಯ ಹತ್ತಿರ ಜಾಗ ಬಿಟ್ಟು ಸರಿದು ನಿಂತಿತು.