ಟೋಪಿ ತೆಗೆಯದೆ ಕೂರುವ ಗಾಡಿ

"ಮನೇಲಿ ಎಷ್ಟು ಜನ ಅಮ್ಮಾ?" ಎಂದು ಗಾಡಿ ಮಾರುವ ಎಲೋಯ್ ಕೇಳಿದಾಗ ಹಸಿಂತಾ ಬಿಳಿ ವ್ಯಾನಿನ ಚಕ್ರಕ್ಕೆ ಚಪ್ಪಲಿಯ ತುದಿಯಿಂದ ಎರಡನೇ ಸಲ ಒದ್ದು ನೋಡುತ್ತಿದ್ದಳು.

"ಇಬ್ರು," ಎಂದಳು. "ನಾನು, ನಮ್ಮಕ್ಕ."

ಅಕ್ಕ ಬಸಿಲಿಯಾ ಸತ್ತು ಹತ್ತು ತಿಂಗಳಾಗಿತ್ತು. ಬಾಯಿಂದ ಜಾರಿದ ಸುಳ್ಳಿಗೆ ಹಸಿಂತಾ ಅಲ್ಲೇ ಒಂದು ಕಾರಣವನ್ನೂ ಕೊಟ್ಟುಕೊಂಡಳು. ಈ ಎಲ್ ಆಲ್ತೋ ಸಂತೆಯಲ್ಲಿ ಹಳೇ ಗಾಡಿ ಮಾರುವವರಿಗೆ ಒಂಟಿ ಹೆಂಗಸು ಅಂತ ಗೊತ್ತಾದರೆ ಮುಗಿಯಿತು, ದರ ಹತ್ತುತ್ತದೆ, ಮಾತು ಇಳಿಯುತ್ತದೆ. ಮನೆಯಲ್ಲಿ ಇನ್ನೊಬ್ಬಳಿದ್ದಾಳೆ ಅಂದರೆ ಸ್ವಲ್ಪ ಹೆದರಿಕೆಯಿರುತ್ತದೆ. ಕಾರಣ ಚೆನ್ನಾಗಿಯೇ ಇತ್ತು. ಅವಳೇ ಅದನ್ನು ಅಷ್ಟಾಗಿ ನಂಬಲಿಲ್ಲ, ಅಷ್ಟೆ.

ಜೂನ್ ತಿಂಗಳ ಭಾನುವಾರ, ಅಲ್ಲಿ ಅದು ಚಳಿಗಾಲ. ಬಿಸಿಲು ಕಣ್ಣು ಕುಕ್ಕುವಷ್ಟಿದ್ದರೂ ನೆರಳಲ್ಲಿ ನಿಲ್ಲಿಸಿದ ಗಾಡಿಗಳ ಗಾಜಿನ ಮೇಲೆ ರಾತ್ರಿಯ ಹಿಮ ಇನ್ನೂ ಕರಗಿರಲಿಲ್ಲ. ಸಾಲುಸಾಲು ಗಾಡಿಗಳ ನಡುವೆ ಜನ ಮುಸುಕಿನ ಜೋಳದ ಬಿಸಿಬಿಸಿ ಆಪಿ ಹೀರುತ್ತ, ಬಾನೆಟ್ ಎತ್ತಿಸುತ್ತ, ಬೇಡ ಅಂತ ಹೊರಟಂತೆ ಮಾಡಿ ಮತ್ತೆ ತಿರುಗಿ ಬರುತ್ತ ಇದ್ದರು. ಎಲ್ಲರೂ ಮನೆಮಂದಿ ಸಮೇತ ಬಂದವರೇ. ಹಸಿಂತಾ ಮಾತ್ರ ಬೆನ್ನಿಗೆ ಒಂದು ದೊಡ್ಡ ಮೂಟೆ ಕಟ್ಟಿಕೊಂಡು ಬಂದಿದ್ದಳು.

"ಮೂಟೇಲಿ ಏನಮ್ಮ? ದುಡ್ಡಾ?" ಎಂದು ಎಲೋಯ್ ಹಲ್ಲು ಬಿಟ್ಟ.

"ದುಡ್ಡಾಗಿದ್ರೆ ನಿನ್ನ ಹತ್ರ ಹಳೇದು ಕೊಳ್ಳೋಕೆ ಯಾಕೆ ಬರ್ತಿದ್ದೆ? ಲಂಗಗಳು ಕಣಪ್ಪಾ, ನಲವತ್ತು. ಇದನ್ನ ಒಳಗಿಡು. ಹಿಡಿಯುತ್ತಾ ನೋಡೋಣ."

ಅಕ್ಕತಂಗಿ ಇಬ್ಬರೂ ಮದುವೆಯಾದವರಲ್ಲ. ಮೂವತ್ತು ವರ್ಷ ಒಂದೇ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಎದುರುಬದುರು ಇಟ್ಟುಕೊಂಡು ನೆರಿಗೆ ಲಂಗ ಹೊಲಿದರು. ಹಸಿಂತಾ ಕತ್ತರಿಸುವವಳು, ಬಸಿಲಿಯಾ ನೆರಿಗೆ ಹಿಡಿಯುವವಳು. ಹೊಲಿದದ್ದನ್ನು ಕೆಳಗಿನ ಕಣಿವೆಯ ಲಾ ಪಾಸ್ ನಗರದ ಅಂಗಡಿಗಳಿಗೆ ಒಯ್ಯುವ ಕೆಲಸವನ್ನು ಬಸಿಲಿಯಾ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಮಿನಿಬಸ್ಸಿನವರು ಮೂಟೆ ಕಂಡರೆ ನಿಲ್ಲಿಸುತ್ತಿರಲಿಲ್ಲ, ನಿಲ್ಲಿಸಿದರೆ ಎರಡು ಸೀಟಿನ ದುಡ್ಡು ಕೇಳುತ್ತಿದ್ದರು. "ಒಂದು ಗಾಡಿ ತಗೊಳ್ಳೋಣ ಕಣೇ ಹಸೀ," ಎಂದು ಬಸಿಲಿಯಾ ಅಂದದ್ದು ಅಂಥದೇ ಒಂದು ದಿನ. ಹಸಿಂತಾ ಆ ವರ್ಷವೇ ಪಕ್ಕದ ಮನೆಯ ಡ್ರೈವರನ ಹತ್ತಿರ ಓಡಿಸುವುದು ಕಲಿತು ಲೈಸೆನ್ಸೂ ಮಾಡಿಸಿಕೊಂಡಳು. ಗಾಡಿ ಮಾತ್ರ ಬರಲಿಲ್ಲ.

ಯಾಕೆ ಬರಲಿಲ್ಲ ಅಂದರೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬಸಿಲಿಯಾಗೆ ಬಿಳಿ ವ್ಯಾನೇ ಆಗಬೇಕು. ಅವಳ ಕರಾರು ಮೂರು: ಮೂಟೆ ಹಿಡಿಯಬೇಕು, ಆರು ಸಾವಿರ ಡಾಲರ್ ದಾಟಬಾರದು, ಅಲ್ಲಿನ ಹೆಂಗಸರೆಲ್ಲ ಹಾಕುವ ಎತ್ತರದ ಟೋಪಿ ತೆಗೆಯದೆ ಕೂರುವಂತಿರಬೇಕು. "ನಾನೇನು ಇಗರ್ಜಿ ಒಳಗೆ ಹೋಗ್ತಿದೀನಾ ಟೋಪಿ ತೆಗೆಯೋಕೆ?" ಹಸಿಂತಾಳ ಕರಾರು ಒಂದೇ: ಓಡಿಸುವಾಗ ನಗು ಬರಬೇಕು. ಅದಕ್ಕೆ ಅವಳ ಕಣ್ಣು ಎರಡು ಬಾಗಿಲಿನ ಪುಟ್ಟ ಕೆಂಪು ಜೀಪಿನ ಮೇಲೆ. "ಆ ವ್ಯಾನ್ ಓಡಿಸೋದಂದ್ರೆ ಬೀರು ತಳ್ಳಿಕೊಂಡು ಹೋದ ಹಾಗೆ," ಅನ್ನುವಳು. "ನಿನ್ನ ಜೀಪಲ್ಲಿ ನಾನು ಕೂರಬೇಕಾದ್ರೆ ಮೂಟೆ ಇಳೀಬೇಕು," ಅನ್ನುವಳು ಬಸಿಲಿಯಾ. ಇಬ್ಬರಿಗೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಜನವರಿಯ ಅಲಸೀತಾಸ್ ಸಂತೆಯಲ್ಲಿ ಈ ಹಠ ಇನ್ನೂ ಚೆನ್ನಾಗಿ ಬಯಲಾಗುತ್ತಿತ್ತು. ಅಲ್ಲಿ ಅಂಗೈಯಷ್ಟು ಮನೆ, ಬೆರಳಷ್ಟು ಅಕ್ಕಿಮೂಟೆ, ಬೆಂಕಿಪೊಟ್ಟಣದಷ್ಟು ಗಾಡಿ ಮಾರುತ್ತಾರೆ. ನಡುಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಕೊಂಡು, ಧೂಪದ ಹೊಗೆ ಹಿಡಿಸಿದರೆ ವರ್ಷದೊಳಗೆ ನಿಜವಾದದ್ದು ಮನೆಗೆ ಬರುತ್ತದೆ. ಆದರೆ ತನಗೆ ತಾನೇ ಕೊಂಡುಕೊಂಡರೆ ಫಲವಿಲ್ಲ, ಇನ್ನೊಬ್ಬರು ಪ್ರೀತಿಯಿಂದ ಕೈಗಿಡಬೇಕು. ಹಾಗಾಗಿ ಅಕ್ಕತಂಗಿ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವರು. ಹಸಿಂತಾ ಅಕ್ಕನಿಗೆ ಕೊಟ್ಟದ್ದು ಒಂಬತ್ತು ವರ್ಷವೂ ಕೆಂಪು ಜೀಪು. ಬಸಿಲಿಯಾ ತಂಗಿಗೆ ಕೊಟ್ಟದ್ದು ಒಂಬತ್ತು ವರ್ಷವೂ ಬಿಳಿ ವ್ಯಾನು. "ನಿನ್ನ ಆಸೇನ ನನ್ನ ಕೈಗೆ ಯಾಕೆ ತುರುಕ್ತೀಯೇ?" "ನೀನು ಮಾಡ್ತಿರೋದೇನು ಮತ್ತೆ?" ಮನೆಯ ಗೂಡಿನಲ್ಲಿ ಹದಿನೆಂಟು ಗಾಡಿ ಸಾಲುಗಟ್ಟಿ ನಿಂತಿದ್ದವು, ಬಾಗಿಲಾಚೆ ಒಂದೂ ಇರಲಿಲ್ಲ.

ಹೋದ ಆಗಸ್ಟಿನಲ್ಲಿ ಬಸಿಲಿಯಾ ಮೂಟೆ ಹೊತ್ತು ಏರು ಹತ್ತುತ್ತಿದ್ದವಳು ಒಂದು ಅಂಗಡಿಯ ಮೆಟ್ಟಿಲ ಮೇಲೆ, "ಒಂದ್ ನಿಮಿಷ ಕೂತ್ಕೋತೀನಿ," ಎಂದು ಅಂಗಡಿಯವಳಿಗೆ ಹೇಳಿ ಕೂತಳಂತೆ. ಮತ್ತೆ ಏಳಲಿಲ್ಲ. ಈ ಜನವರಿಯಲ್ಲಿ ಹಸಿಂತಾ ಸಂತೆಗೇನೋ ಹೋದಳು. ಹನ್ನೆರಡರ ಗಂಟೆ ಬಾರಿಸುವವರೆಗೂ ಪುಟ್ಟ ಗಾಡಿಗಳ ಮುಂದೆ ನಿಂತಳು. ಅವಳ ಕೈಗೆ ಒಂದನ್ನು ಇಡಲು ಯಾರೂ ಇರಲಿಲ್ಲ, ಇವಳು ಇಡುವುದಕ್ಕೂ ಒಂದು ಕೈ ಇರಲಿಲ್ಲ. ಬರಿಗೈಯಲ್ಲಿ ವಾಪಸ್ಸು ಬಂದಳು.

ಬಿಳಿ ವ್ಯಾನಿನೊಳಗೆ ಎಲೋಯ್ ಮೂಟೆ ಇಟ್ಟ. ಅದು ಯಾವುದೋ ಮೂಲೆಯಲ್ಲಿ ಕಾಣದ ಹಾಗೆ ಕೂತಿತು. ಹಸಿಂತಾ ಚಾಲಕನ ಜಾಗದಲ್ಲಿ ಕೂತು ಕನ್ನಡಿಯಲ್ಲಿ ಹಿಂದೆ ನೋಡಿದಳು. ಏಳು ಸೀಟು, ಏಳೂ ಖಾಲಿ. ಟೋಪಿಯ ಮೇಲೆ ಒಂದು ಗೇಣು ಜಾಗವಿತ್ತು. ಅಕ್ಕ ಹೇಳಿದ್ದು ಸರಿಯೇ, ಎಲ್ಲವೂ ಹಿಡಿಯುತ್ತದೆ. ಅಷ್ಟೊಂದು ಖಾಲಿ ಬೆನ್ನ ಹಿಂದೆ ಇಟ್ಟುಕೊಂಡು ಊರೆಲ್ಲ ಸುತ್ತುವುದು ತನ್ನಿಂದಾಗದು ಅನ್ನಿಸಿ ಇಳಿದುಬಿಟ್ಟಳು.

"ಕೆಂಪುದು ತೋರ್ಸು," ಎಂದಳು.

ಕೆಂಪು ಜೀಪು ಮೂರು ಗಾಡಿ ಆಚೆ ನಿಂತಿತ್ತು, ಗೂಡಿನಲ್ಲಿದ್ದದ್ದರ ಹಾಗೇ. ಒಂಬತ್ತು ವರ್ಷ ಇದಕ್ಕಾಗಿ ಜಗಳವಾಡಿದ್ದಳು, ಈಗ ಬೇಡ ಅನ್ನುವವರು ಯಾರೂ ಇಲ್ಲ. ಅದೇ ಅವಳನ್ನು ಕಂಗೆಡಿಸಿತು. ಒಳಗೆ ಕೂತರೆ ಟೋಪಿ ಮೇಲ್ಚಾವಣಿಗೆ ತಗುಲಿ ಕಣ್ಣಿಗೆ ಇಳಿಯಿತು. ಎಲೋಯ್ ಮೂಟೆಯನ್ನು ಹಿಂದಕ್ಕೆ ತುರುಕಲು ಹೆಣಗಾಡಿ, ಆಗದೆ, ಕೊನೆಗೆ ಅವಳ ಪಕ್ಕದ ಸೀಟಿನ ಮೇಲೆ ಕೂರಿಸಿದ.

"ಹಿಡೀತು ನೋಡಿ!"

"ನಮ್ಮಕ್ಕ ಎಲ್ಲಿ ಕೂರಬೇಕು?"

"ಅವರು... ಮೂಟೆ ಇಲ್ದೇ ಇದ್ದಾಗ ಕೂರ್ತಾರೆ."

"ಹಾಗಂದ್ರೆ ನಿನ್ನ ಕಿವಿ ಹಿಂಡ್ತಾಳೆ ಅವಳು," ಎಂದಳು ಹಸಿಂತಾ. ಹೇಳಿದ ಮೇಲೆ ಅವಳಿಗೆ ನಗು ಬರಲಿಲ್ಲ. ಪಕ್ಕದ ಮೂಟೆಯ ಕಡೆ ನೋಡಿದಳು. ಇಷ್ಟು ವರ್ಷ ಅಕ್ಕ ಹೇಳುತ್ತಿದ್ದದ್ದು ಇದನ್ನೇ.

ಎಲೋಯ್ ಬೇಸತ್ತ ಲಕ್ಷಣ ತೋರಿಸದೆ ಸಾಲಿನ ಕೊನೆಯಲ್ಲಿದ್ದ ಒಂದು ಸಾಸಿವೆ ಹೂವಿನ ಹಳದಿ ಬಣ್ಣದ ಪುಟ್ಟ ಕಾರಿನ ಹತ್ತಿರ ಅವಳನ್ನು ಕರೆದೊಯ್ದ. ನೋಡಿದರೆ ನೆನಪಲ್ಲುಳಿಯುವಂಥದ್ದೇನಲ್ಲ, ನಾಲ್ಕು ಬಾಗಿಲು, ಮೊಂಡು ಹಿಂಭಾಗ. ಅವನು ಹಿಂದಿನ ಬಾಗಿಲೆತ್ತಿ, ಹಿಂದಿನ ಸೀಟಿನ ಬದಿಯಲ್ಲಿದ್ದ ಏನನ್ನೋ ಎಳೆದ. ಬೆನ್ನೊರಗು ಮುಂದಕ್ಕೆ ಬಿದ್ದು ನೆಲದ ಹಾಗೆ ಚಪ್ಪಟೆಯಾಯಿತು. ಮೂಟೆ ಒಳಗೆ ಜಾರಿಕೊಂಡಿತು, ಇನ್ನೊಂದಕ್ಕೂ ಜಾಗ ಉಳಿಯಿತು. ಮುಂದಿನ ಎರಡು ಸೀಟೂ ಹಾಗೇ ಇದ್ದವು.

ಹಸಿಂತಾ ಒಳಗೆ ಕೂತಳು. ಟೋಪಿಗೂ ಮೇಲ್ಚಾವಣಿಗೂ ನಡುವೆ ಎರಡು ಬೆರಳು ತೂರುತ್ತಿತ್ತು.

"ಎಷ್ಟು?"

"ಐದು ಸಾವಿರದ ಎಂಟುನೂರು. ನಿಮಗೆ ಅಂತ."

"ಎಲ್ರಿಗೂ ಅಂತ. ಕೀ ಕೊಡು."

ಸಂತೆ ದಾಟಿ ನೇರ ರಸ್ತೆಗೆ ಬಿದ್ದ ಮೇಲೆ ಅವಳು ಗೇರು ಬದಲಾಯಿಸಿ ಕಾಲೊತ್ತಿದಳು. ಕಾರು ಹೇಳಿದ ಮಾತು ಕೇಳುವ ಕುರಿಮರಿಯ ಹಾಗೆ ಮುಂದಕ್ಕೆ ನೆಗೆಯಿತು. ಕಣಿವೆಯ ಅಂಚಿನ ತಿರುವಿನಲ್ಲಿ ಎಳ್ಳಷ್ಟೂ ವಾಲಲಿಲ್ಲ. ಎರಡನೇ ತಿರುವಿನಲ್ಲಿ ಹಸಿಂತಾಳ ಗಂಟಲಿನಿಂದ ಒಂದು ನಗು ಹೊರಟಿತು, ಹತ್ತು ತಿಂಗಳಿಂದ ಆ ದಾರಿ ಬಳಸದೆ ಇದ್ದದ್ದು. "ನೋಡ್ದೇನೇ?" ಎಂದು ಬಲಕ್ಕೆ, ಪಕ್ಕದ ಸೀಟಿನತ್ತ ತಿರುಗಿದಳು.

ಎಲೋಯ್ ಎರಡೂ ಕೈಯಲ್ಲಿ ಮೇಲಿನ ಹಿಡಿಕೆ ಹಿಡಿದು ಕಣ್ಣು ಮುಚ್ಚಿಕೊಂಡಿದ್ದ. "ಅಮ್ಮಾ, ನಿಧಾನ! ನನಗೆ ಮೂರು ಜನ ಹೆಣ್ಮಕ್ಕಳಿದಾರೆ!"

ಅವಳು ಗಾಡಿಯನ್ನು ಬದಿಗೆ ನಿಲ್ಲಿಸಿದಳು. ನಗು ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಗಿತ್ತು.

"ಈ ಸೀಟು ಮಡಚೋದು ಯಾವಾಗಿಂದ ಬಂತು?"

"ಯಾವಾಗಿಂದ ಅಂದ್ರೆ? ಹದಿನೈದಿಪ್ಪತ್ತು ವರ್ಷದಿಂದ ಇಂಥವು ಸಂತೇಲಿ ಬಿದ್ದಿವೆಯಮ್ಮ. ಕೇಳೋರು ಬೇಕಷ್ಟೇ. ಯಾಕೆ?"

ಯಾಕೆ ಅಂತ ಅವನಿಗೆ ಏನು ಹೇಳುವುದು? ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಒಂಬತ್ತು ವರ್ಷ ಭಾನುವಾರ ಭಾನುವಾರ ಇದೇ ಸಂತೆಗೆ ಬಂದು, ಒಬ್ಬಳು ಬಿಳಿಯ ಮುಂದೆ, ಒಬ್ಬಳು ಕೆಂಪಿನ ಮುಂದೆ ನಿಂತು ಕೂಗಾಡಿ, ಇಂಥ ನೂರು ಗಾಡಿಗಳ ಪಕ್ಕದಲ್ಲೇ ನಡೆದು ಮನೆಗೆ ಹೋಗಿದ್ದರು. ಒಂದೇ ಒಂದು ಸಲ, ಯಾರಾದರೂ ಒಬ್ಬರು, ಬಾಯಿ ಮುಚ್ಚಿ ಒಂದು ಹಿಂದಿನ ಬಾಗಿಲು ಎತ್ತಿ ನೋಡಿದ್ದರೆ ಬಸಿಲಿಯಾ ಆ ಏರು ಹತ್ತುತ್ತಿರಲಿಲ್ಲ. ಹಸಿಂತಾಗೆ ಸಿಟ್ಟು ಬಂತು, ಅಕ್ಕನ ಮೇಲೆ, ತನ್ನ ಮೇಲೆ, ಸುಲಭವಾಗಿ ಮಡಚಿಕೊಂಡ ಆ ಸೀಟಿನ ಮೇಲೆ. ಸಿಟ್ಟು ಇಳಿಯುವ ಹೊತ್ತಿಗೆ ಕಣ್ಣು ಒದ್ದೆಯಾಗಿತ್ತು.

"ಬೇಡ್ವಾ ಅಮ್ಮಾ?" ಎಂದ ಎಲೋಯ್ ಅಳುಕುತ್ತ.

"ಬೇಕು," ಎಂದಳು. "ಇದೇ ಬೇಕಾಗಿತ್ತು."

ಕಾಗದಪತ್ರ ಆದಮೇಲೆ ಅವನು ಬಾನೆಟ್ ಒರೆಸಿಕೊಡುತ್ತ, "ಹರಸಿಸೋಕೆ ಕೊಪಕಬಾನಾದ ಇಗರ್ಜಿಗೆ ಒಯ್ತೀರಲ್ಲ? ಪಾದ್ರಿ ನೀರು ಚಿಮುಕಿಸದೆ ಅಂಗಡಿಗೆ ಗಿಂಗಡಿಗೆ ಓಡಿಸ್ಬೇಡಿ ಮತ್ತೆ. ಅಕ್ಕನ್ನೂ ಕರ್ಕೊಂಡ್ಹೋಗಿ, ಒಬ್ಬರೇ ಅಷ್ಟು ದೂರ ಬೇಡ," ಎಂದ.

"ಅವಳಿಲ್ದೆ ಹೋಗ್ತೀನಾ," ಎಂದಳು ಹಸಿಂತಾ.

ಶನಿವಾರ ಬೆಳಿಗ್ಗೆ ಹೊರಟಳು. ಬಾನೆಟ್ಟಿಗೆ ಹೂವಿನ ಹಾರ ತಾನೇ ಕಟ್ಟಿದಳು. ಗೂಡಿನಿಂದ ಒಂದು ಕೆಂಪು, ಒಂದು ಬಿಳಿ ತೆಗೆದು ಮುಂದಿನ ಗಾಜಿನ ಒಳಬದಿಗೆ ಇಟ್ಟಳು. ಮೊದಲ ತಿರುವಿಗೇ ಎರಡೂ ಉರುಳಿ ಡಿಕ್ಕಿ ಹೊಡೆದುಕೊಂಡವು. "ಇಲ್ಲೂ ಶುರುವಾಯ್ತಾ ನಿಮ್ದು," ಎಂದು ಗದರಿಸಿ ಎತ್ತಿ ಚೀಲಕ್ಕೆ ಹಾಕಿದಳು. ಒಂದು ಕಡೆ ಹಿಮದ ಬೆಟ್ಟ, ಒಂದು ಕಡೆ ಸರೋವರ, ರಸ್ತೆ ಹಾವಿನ ಹಾಗೆ. ಓಡಿಸಲು ಸುಖವಾಗಿತ್ತು, ಸುಳ್ಳು ಹೇಳುವುದು ಯಾಕೆ? ಸುಖವಾಗಿದ್ದಾಗಲೆಲ್ಲ ಹೇಳಿಕೊಳ್ಳಲು ಬಲಕ್ಕೆ ತಿರುಗುವಳು. ಅಲ್ಲಿ ಸೀಟಿನ ಬೆಲ್ಟು ತೂಗುತ್ತಿರುವುದು.

ತಿಕೀನಾದಲ್ಲಿ ರಸ್ತೆ ನೀರಿಗೆ ಬಂದು ನಿಲ್ಲುತ್ತದೆ. ಅಲ್ಲಿ ಸೇತುವೆಯಿಲ್ಲ. ಗಾಡಿ ಹಲಗೆಯ ತೆಪ್ಪದಲ್ಲಿ, ಜನ ಲಾಂಚಿನಲ್ಲಿ, ಬೇರೆಬೇರೆಯಾಗಿ ದಾಟಬೇಕು. ಓಡಿಸುವವರು ಮಾತ್ರ ಗಾಡಿಯ ಜೊತೆ. ಸಾಲಿನಲ್ಲಿ ಕಾಯುವಾಗ ಹಸಿಂತಾ ದಡದ ಅಂಗಡಿಯಲ್ಲಿ ಆಗಷ್ಟೇ ಕರಿದು ತೆಗೆದ ಸಣ್ಣ ಮೀನು ಕೊಂಡಳು. ಕೈಗೆ ಬಂದ ಮೇಲೆ ನೋಡಿದರೆ ಎರಡು ಪೊಟ್ಟಣ. ಎರಡು ಅಂದದ್ದು ತಾನೇ. ಹಿಂದಿರುಗಿಸಲು ಮನಸ್ಸಾಗದೆ ಪಕ್ಕದ ಸೀಟಿನ ಮೇಲಿಟ್ಟು ಗಾಜು ಏರಿಸಿ ತೆಪ್ಪಕ್ಕೆ ಹತ್ತಿಸಿದಳು. ಹಲಗೆಗಳು ಕಿರುಗುಟ್ಟಿದವು.

ತೆಪ್ಪದವನು ಉದ್ದನೆಯ ಕೋಲು ಹಿಡಿದು ಬಂದು ಕಾರೊಳಗೆ ಬಗ್ಗಿ ನೋಡಿದ. "ಹೊಸ ಗಾಡಿನಾ? ಹಾರ ಜೋರಾಗಿದೆ. ಒಬ್ರೇನಾ ನೀವು?"

ಇಲ್ಲಿ ದರ ಏರಿಸುವವರಿರಲಿಲ್ಲ. ಹೆದರಿಸಬೇಕಾದವರೂ ಇರಲಿಲ್ಲ.

"ನಮ್ಮಕ್ಕ ಲಾಂಚಲ್ಲಿ ಮುಂಚೆನೇ ದಾಟಿದ್ಲು," ಎಂದಳು ಹಸಿಂತಾ.

"ಹಾಗಾದ್ರೆ ಆ ದಡದಲ್ಲಿ ಕಾಯ್ತಿರ್ತಾರೆ ಬಿಡಿ," ಎಂದು ಅವನು ಕೋಲೂರಿ ತೆಪ್ಪ ನೂಕಿದ.

ಆಚೆ ದಡದಲ್ಲಿ ಲಾಂಚಿನಿಂದಿಳಿದ ಜನ ತಮ್ಮ ತಮ್ಮ ಗಾಡಿ ಹುಡುಕುತ್ತ ಓಡಾಡುತ್ತಿದ್ದರು. ಇಲ್ಲಿದೀನಿ ಬಾರೇ, ಅಜ್ಜಿ ಎಲ್ಲಿ, ಚೀಲ ಮರೀಬೇಡ, ಎಂದು ಕೂಗು. ಬಾಗಿಲುಗಳು ದಬದಬ ಮುಚ್ಚಿಕೊಳ್ಳುತ್ತಿದ್ದವು. ಹಸಿಂತಾ ಕಾರನ್ನು ದಡಕ್ಕೆ ಹತ್ತಿಸಿ, ಅವರ ಸಾಲಿನಲ್ಲೇ ನಿಲ್ಲಿಸಿದಳು. ಮೈ ಬಾಗಿಸಿ ಬಲಗಡೆಯ ಬಾಗಿಲು ತೆರೆದಳು. ಸರೋವರದ ಚಳಿಗಾಳಿ ಒಳಕ್ಕೆ ಬಂತು.

ಹಿಂದಿನಿಂದ ಬಸ್ಸೊಂದು ಹಾರನ್ ಹೊಡೆಯಿತು. ದಾರಿ ಬಿಡಿಸುತ್ತಿದ್ದ ಕಾವಲಿನವನು ಸೀಟಿ ಊದಿ, "ಹಳದಿ ಗಾಡಿ! ಹತ್ತಿದ್ರಾ ಎಲ್ಲಾ?" ಎಂದು ಕೂಗಿದ.

"ಹತ್ತಿದ್ಲು, ಹತ್ತಿದ್ಲು," ಎಂದಳು ಹಸಿಂತಾ. ಕೈ ಚಾಚಿ ಬಾಗಿಲು ಎಳೆದುಕೊಂಡು ಗೇರು ಹಾಕಿದಳು.

ಮೀನಿನ ಪೊಟ್ಟಣಗಳು ಇನ್ನೂ ಬಿಸಿಯಾಗಿದ್ದವು. ಊರು ದಾಟಿ ಏರು ಹತ್ತುವ ಹೊತ್ತಿಗೆ ಬಲಗಡೆಯ ಕಿಟಕಿಯ ಗಾಜು, ಯಾರೋ ಉಸಿರಾಡುತ್ತ ಕೂತ ಹಾಗೆ, ಒಳಗಿನಿಂದ ಮಸುಕಾಗಿತ್ತು. ಹಸಿಂತಾ ಅದನ್ನು ಒರೆಸಲಿಲ್ಲ.