ಕೆಂಪಿಯ ಗೊರಸು

ನಾಗಕುಮಾರ ಹಗ್ಗ ಹಿಡಿದು ಎಷ್ಟು ಜಗ್ಗಿದರೂ ಕೆಂಪಿ ಹಿತ್ತಲಿನಿಂದ ಕದಲಲಿಲ್ಲ. ಬೀದಿಯಲ್ಲಿ ಅವನ ಅಪ್ಪನ ಚಟ್ಟ ಎತ್ತಿ ನಿಂತವರ ಹೆಗಲು ನೋಯತೊಡಗಿತ್ತು. ಶಾಂತರಾಜಯ್ಯ ಬದುಕಿದ್ದಷ್ಟು ಕಾಲ ಈ ತಟ್ಟು ಕುದುರೆಯ ಮೇಲೆ ಬಟ್ಟೆಗಂಟು ಹೇರಿಕೊಂಡು ನುಗ್ಗೇಹಳ್ಳಿ, ದುದ್ದದ ಸಂತೆಗಳನ್ನು ಸುತ್ತಿದವನು. ಅವನ ಕೊನೆಯ ದಾರಿಗೂ ಅದು ಹಿಂದೆ ನಡೆದು ಬರಲಿ ಎಂಬುದು ಜಿನನಾಥಪುರದವರ ಆಸೆಯಾಗಿತ್ತು.

“ಎಳೀಬ್ಯಾಡ ಬುಡಪ್ಪ,” ಎಂದಳು ಪಕ್ಕದ ಮನೆಯ ಬೆಟ್ಟಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಯಜಮಾನ್ರು ಓದ್ರು ಅಂತ ಅದ್ಕೂ ಗೊತ್ತಾಗ್ಬುಟ್ಟೈತೆ. ದುಃಖಕ್ಕೆ ಕಾಲೇ ಬತ್ತಿಲ್ಲ ಕಣ.”

ಆ ಮಾತು ಕೇಳಿದ್ದೇ ತಡ, ಹೆಂಗಸರೆಲ್ಲ ಇನ್ನೊಮ್ಮೆ ಅತ್ತರು. ನಾಗಕುಮಾರನೂ ತಟ್ಟುವಿನ ಕತ್ತು ತಬ್ಬಿ ಅತ್ತ. ಚಟ್ಟ ಕೆಂಪಿಯಿಲ್ಲದೆಯೇ ಹೊರಟಿತು.

ಶಾಂತರಾಜಯ್ಯನ ಹೆಂಡತಿ ರಾಜೀಮತಿ ಮಾತ್ರ ಅಳುವುದನ್ನು ಮರೆತು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ದುಃಖವಾದರೆ ತಲೆ ತಗ್ಗಿಸಲಿ, ಮೇವು ಬಿಡಲಿ, ಒಪ್ಪೋಣ. ಮುಂಗಾಲೆರಡನ್ನೂ ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುವುದು ಯಾವ ಸೀಮೆಯ ದುಃಖ?

ಬೆಟ್ಟಮ್ಮ ಸಮಾಧಾನಕ್ಕೆಂದು ಬೆಲ್ಲದ ಅಚ್ಚು ತಂದು ಕೆಂಪಿಯ ಬಾಯಿಗಿಟ್ಟಳು. ಅವಳೊಬ್ಬಳೇ ಅಲ್ಲ. ಶಾಂತರಾಜಯ್ಯ ಹಾಸಿಗೆ ಹಿಡಿದಾಗಿನಿಂದ ನೋಡಲು ಬಂದವರೆಲ್ಲ, ಅವನ ಹೆಸರಲ್ಲಿ ಪುಣ್ಯವಾಗಲೆಂದು, ಅದಕ್ಕೊಂದು ಬೊಗಸೆ ಹುರುಳಿ, ಒಂದು ತುಂಡು ಬೆಲ್ಲ ತಿನ್ನಿಸಿಯೇ ಹೋಗುತ್ತಿದ್ದರು. ಬೇಡವೆನ್ನಲು ರಾಜೀಮತಿಗೆ ಪುರುಸೊತ್ತೂ ಇರಲಿಲ್ಲ, ಮನಸ್ಸೂ ಬಂದಿರಲಿಲ್ಲ.

* * *

ಶಾಂತರಾಜಯ್ಯ ಕೆಂಪಿಗೆ ಲಾಳ ಹೊಡೆಸಿದವನಲ್ಲ. “ಜೀವ ಇರೋ ಕಾಲಿಗೆ ಮೊಳೆ ಯಾಕೆ?” ಎನ್ನುತ್ತಿದ್ದ. ಚನ್ನರಾಯಪಟ್ಟಣದ ಜಟಕಾ ಗುಂಡಯ್ಯನಿಗೆ ಅದೊಂದು ತಮಾಷೆ. “ನಿಮ್ಮ ಜೈನ ಮುನಿಗಳಂಗೆ ಇದೂ ಬರಿಗಾಲ್ನಾಗೇ ತಿರುಗ್ತದೆ ಬುಡಿ.” ಯುದ್ಧ ಶುರುವಾಗಿ, ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುವ ಬಸ್ಸುಗಳು ಹೊಗೆಯಲ್ಲಿ ಕೆಮ್ಮುತ್ತ ದಾರಿಯಲ್ಲೇ ನಿಲ್ಲತೊಡಗಿದಾಗ, ಅದೇ ಗುಂಡಯ್ಯ ಕೆಂಪಿಯನ್ನು ಕೊಡ್ತೀರಾ ಎಂದು ಕೇಳಿಕೊಂಡು ಬಂದಿದ್ದ.

ಬರಿಗಾಲೆಂದರೆ ಕೆಲಸ ಕಡಿಮೆ ಎಂದುಕೊಂಡವರು ಅವನ ಹಿತ್ತಲು ನೋಡಿದವರಲ್ಲ. ಹಳ್ಳದಿಂದ ಹೊತ್ತು ತಂದ ನೊರಜುಗಲ್ಲು ಹರವಿದ ನೆಲ; ಗಂಜಲ ನಿಂತು ಗೊರಸು ಮೆದುವಾಗದಂತೆ ಅದನ್ನು ದಿನವೂ ಗುಡಿಸಬೇಕು. ಗೊರಸಿನೊಳಗೆ ಮೆತ್ತಿದ ಲದ್ದಿಯನ್ನು ಬಿದಿರುಕಡ್ಡಿಯಿಂದ ಕೆರೆದು ತೆಗೆಯಬೇಕು, ಅಂಚು ಸೀಳದಂತೆ ಅರದಿಂದ ಉಜ್ಜಿ ದುಂಡಗೆ ಮಾಡಬೇಕು. ಸಂತೆಯಿಲ್ಲದ ದಿನವೂ ಕಲ್ಲುದಾರಿಯಲ್ಲಿ ನಡೆಸಿಕೊಂಡು ಬರಬೇಕು. ಎಲ್ಲ ಮುಗಿದ ಮೇಲೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಗೊರಸಿಗೆ ಅಂಗೈ ಹಚ್ಚಿ ಸುಮ್ಮನಿರುತ್ತಿದ್ದ.

“ನಮ್ಮಪ್ಪನ ಕಾಲನ್ನೂ ನೀವು ಇಷ್ಟು ಭಕ್ತಿಯಿಂದ ಮುಟ್ಲಿಲ್ಲ,” ಎಂದು ರಾಜೀಮತಿ ಒಮ್ಮೆ ಛೇಡಿಸಿದಳು.

“ತಣ್ಣಗೈತಾ ಅಂತ ನೋಡ್ತೀನಿ ಕಣೆ.”

“ಬಿಸಿ ಇದ್ರೆ?”

“ಕೆರೆ ನೀರಲ್ಲಿ ನಿಲ್ಲಿಸ್ಬೇಕು. ಕಾಳು ಬೆಲ್ಲ ಬಾಯಿಗೆ ಸೋಕಿಸಬಾರ್ದು, ಬರೀ ಒಣಹುಲ್ಲು. ತಿಂದಿದ್ದು ಅತಿಯಾದ್ರೆ ಗೊರಸಿಗೆ ಇಳೀತದೆ.”

“ನಿಮಗ್ಯಾರು ಹೇಳಿದ್ದು?”

ಶಾಂತರಾಜಯ್ಯ ಅರ ಎತ್ತಿಕೊಂಡು ಎದ್ದ. “ಹಳೇ ಮಾತು, ಬುಡು.”

ಯಾರಿಂದ ಕಲಿತಿರಬಹುದು ಎಂಬುದು ಅವಳನ್ನು ಆಮೇಲೂ ಆಗಾಗ ಕೊರೆಯುತ್ತಿತ್ತು.

* * *

ಚಟ್ಟ ಹೊರಟ ಮೇಲೆ, ಮನೆಯೊಳಗೇ ಇರಬೇಕಾಗಿದ್ದ ರಾಜೀಮತಿ ಹಿತ್ತಲಿಗಿಳಿದು ಕುಕ್ಕರಿಸಿದಳು. ಕೆಂಪಿಯ ಮುಂಗಾಲ ಗೊರಸಿಗೆ ಅಂಗೈ ಹಚ್ಚಿದಳು. ಒಲೆಯ ಮಗ್ಗುಲ ಗೋಡೆ ಮುಟ್ಟಿದ ಹಾಗಾಯಿತು.

ಆಗ ಅವಳಿಗೆ ಬೂದು ತಟ್ಟು ನೆನಪಾಯಿತು. ಮದುವೆಗೆ ಶಾಂತರಾಜಯ್ಯ ಏರಿ ಬಂದದ್ದು ಅದನ್ನೇ. ಅಳಿಯನ ಕುದುರೆಯೆಂದು ತವರಿನಲ್ಲಿ ಅದಕ್ಕೂ ಉಪಚಾರವೋ ಉಪಚಾರ. ಮದುಮಗಳು ಹುರುಪಿನಿಂದ ತಾನೇ ಮೊರದ ತುಂಬ ಹುರುಳಿಗೆ ಬೆಲ್ಲ ಬೆರೆಸಿ ತಿನ್ನಿಸಿದ್ದಳು. ಗಂಡನ ಊರಿಗೆ ಹೊರಡುವ ಹೊತ್ತಿಗೆ ಅದು ಹೀಗೇ ಮುಂಗಾಲು ಚಾಚಿ ನಿಂತಿತ್ತು. ಆಮೇಲೆ ಮಲಗಿತು, ಏಳಲಿಲ್ಲ. “ಅದರ ಆಯಸ್ಸು ಅಷ್ಟೇ ಇತ್ತು,” ಎಂದಿದ್ದ ಶಾಂತರಾಜಯ್ಯ. ಬದುಕಿರುವವರೆಗೂ ಅಷ್ಟನ್ನೇ ಹೇಳಿದ್ದ. ಎಲ್ಲಿ ಕಲಿತೆನೆಂದು ಬಾಯಿಬಿಟ್ಟಿದ್ದರೆ ಅವಳ ಹೆಸರು ಹೇಳಬೇಕಾಗುತ್ತಿತ್ತು. ಬೆಳಗಿನಿಂದ ನಾಲ್ಕು ಜನರ ನಡುವೆ ಅತ್ತದ್ದು ಬೇರೆ. ಈಗ ಅವಳು ಆ ಮನುಷ್ಯನಿಗಾಗಿ ಬಿಕ್ಕಿ ಬಿಕ್ಕಿ ಅತ್ತಳು.

ಅತ್ತು ಮುಗಿಸಿ ಎದ್ದು ಹಗ್ಗ ಬಿಚ್ಚಿದಳು.

“ಎಲ್ಲಿಗೆ ರಾಜೀಮತಮ್ಮ?” ಬೆಟ್ಟಮ್ಮ ಅಡ್ಡ ಬಂದಳು. “ಇವತ್ತು ನೀವು ಈಚೆಗೆ ಕಾಲಿಕ್ಕಂಗಿಲ್ಲ.”

“ಕೆರೆಗೆ. ಇದು ದುಃಖ ಅಲ್ಲ ಬೆಟ್ಟಮ್ಮ, ನಾವು ತಿನ್ನಿಸಿದ್ದು. ಇವತ್ತು ಬಿಟ್ರೆ ನಾಳೆ ಇದೂ ಹೋಗ್ತದೆ.”

ಬೆಟ್ಟಮ್ಮ ಕೈಯಲ್ಲಿ ಉಳಿದಿದ್ದ ಬೆಲ್ಲವನ್ನು ಮಡಿಲಿಗೆ ಸೇರಿಸಿದಳು. ಆಮೇಲೆ ಬೇಲಿಯ ಮುಳ್ಳು ಸರಿಸಿ ದಾರಿ ಮಾಡಿಕೊಟ್ಟಳು. ಬೇಲಿ ದಾಟಿದರೆ ಕೆರೆ. ಅಷ್ಟು ದೂರಕ್ಕೇ ಕೆಂಪಿ ಮತ್ತೆ ಮತ್ತೆ ನಿಂತಿತು. ಅದು ನಿಂತಾಗಲೆಲ್ಲ ರಾಜೀಮತಿಯೂ ನಿಂತಳು.

ಸಂಸ್ಕಾರ ಮುಗಿಸಿದ ಗಂಡಸರು ಮುಳುಗು ಹಾಕಲು ಕೆರೆಗೆ ಬಂದಾಗ ಅವಳು ಸೀರೆ ನೆನೆಸಿಕೊಂಡು ತಟ್ಟುವಿಗೆ ಒತ್ತಾಸೆಯಾಗಿ ನೀರಲ್ಲಿದ್ದಳು. ಗಂಡಸರು ಮುಖ ಮುಖ ನೋಡಿಕೊಂಡರು.

“ಅಮ್ಮ, ಇದೇನಿದು? ಜನ ಏನಂತಾರೆ?” ಎಂದ ನಾಗಕುಮಾರ.

“ಅಂದ್ಕೊಳ್ಳಲಿ. ನಿಮ್ಮಪ್ಪ ಇದ್ದಿದ್ರೂ ಈಗ ಇಲ್ಲೇ ನಿಂತಿರೋರು. ಗೊರಸು ಕಾದೈತೆ ಕಣಪ್ಪ.”

“ನೆಂಟರು ಊಟ ತಂದವ್ರೆ. ಹೊತ್ತು ಮುಳುಗಿದ್ರೆ ನಾವ್ಯಾರೂ ತುತ್ತು ಮುಟ್ಟಂಗಿಲ್ಲ. ನಾಳೆವರ್ಗೂ ಉಪವಾಸ.”

“ಗೊತ್ತು. ನೀನು ಉಂಡ್ಬಾ ಹೋಗು.”

ನೆಂಟರಲ್ಲಿ ಯಾರೋ ಅನ್ನದ ಪಾತ್ರೆಯನ್ನು ದಂಡೆಗೇ ತಂದಿಟ್ಟರು. ನಾಗಕುಮಾರ ಅದನ್ನೊಮ್ಮೆ ನೋಡಿದ, ಪಡುವಣವನ್ನೊಮ್ಮೆ ನೋಡಿದ. ಆಮೇಲೆ ನೀರಿಗಿಳಿದು ತಟ್ಟುವಿನ ಇನ್ನೊಂದು ಮಗ್ಗುಲಿಗೆ ಭುಜ ಕೊಟ್ಟ. ಕೆಂಪಿ ತನ್ನ ಭಾರವನ್ನು ನಿಧಾನವಾಗಿ ಅವನ ಮೇಲೆ ಹಾಕಿತು. ಪಾತ್ರೆಯ ಮುಚ್ಚಳದ ಮೇಲಿದ್ದ ಬಿಸಿಲು ಅಂಚಿಗೆ ಬಂತು, ಅಲ್ಲಿಂದಲೂ ಇಳಿದುಹೋಯಿತು. ಯಾರೂ ಮುಚ್ಚಳ ತೆಗೆಯಲಿಲ್ಲ.